‘ಸ್ಯಾಂಕ್ಷನ್’ ಅಂದರೆ ಮಂಜೂರು ಅಲ್ವಾ? ಇಂಗ್ಲಿಷ್ ಪದಗಳ ಅರ್ಥ ತಲೆಯಲ್ಲಿ ನಿಲ್ಲುವುದು ಹೇಗೆ?

ತುಂಗಾತೀರ | ಸೋಮವಾರ, ರಾತ್ರಿ 9.40

ಎಲ್ಲರಿಗೂ ನಮಸ್ಕಾರ. ನಾನು ಶಿವಮೊಗ್ಗ ಕಡೆಯವಳು. ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮ, ಆಮೇಲೆ ಬಿ.ಕಾಂ. ಈಗ ಒಂದು ಸಹಕಾರ ಸಂಘದಲ್ಲಿ ಕೌಂಟರ್ ಕೆಲಸ. ಜೊತೆಗೆ ಬ್ಯಾಂಕ್ ಪರೀಕ್ಷೆಗೆ ಓದುತ್ತಿದ್ದೇನೆ. ಲೆಕ್ಕ, ರೀಸನಿಂಗ್ ಹೇಗೋ ಆಗುತ್ತೆ. ಇಂಗ್ಲಿಷ್ ಪೇಪರ್ ಬಂದರೆ ಮಾತ್ರ ಕೈ ನಡುಗುತ್ತೆ.

ಮೂರು ತಿಂಗಳಿಂದ ದಿನಕ್ಕೆ 30 ಪದ ಬಾಯಿಪಾಠ ಮಾಡಿದೆ. ಎಡಗಡೆ ಇಂಗ್ಲಿಷ್, ಬಲಗಡೆ ಕನ್ನಡ ಅರ್ಥ. ಎರಡು ನೋಟ್‌ಬುಕ್ ತುಂಬಿವೆ. ಕಳೆದ ಭಾನುವಾರ ಮಾದರಿ ಪರೀಕ್ಷೆಯಲ್ಲಿ ಒಂದು ಪ್ಯಾರಾ ಬಂತು. ರಷ್ಯಾದ ಮೇಲೆ ಪಶ್ಚಿಮದ ದೇಶಗಳು ‘ಸ್ಯಾಂಕ್ಷನ್ಸ್’ ಹಾಕಿದ ವಿಷಯ. ನನ್ನ ನೋಟ್‌ಬುಕ್ಕಿನಲ್ಲಿ ಸ್ಯಾಂಕ್ಷನ್ ಅಂದರೆ ಮಂಜೂರು. ಆಫೀಸಿನಲ್ಲೂ ದಿನಾ ‘ಲೋನ್ ಸ್ಯಾಂಕ್ಷನ್ ಆಯ್ತಾ’ ಅಂತಲೇ ಕೇಳುತ್ತಾರೆ. ಹಾಗಾಗಿ ಎಲ್ಲರೂ ಸೇರಿ ರಷ್ಯಾಕ್ಕೆ ಏನೋ ಮಂಜೂರು ಮಾಡಿದ್ದಾರೆ ಅಂತಲೇ ಓದಿಕೊಂಡೆ. ಐದು ಪ್ರಶ್ನೆ, ಐದೂ ತಪ್ಪು.

ಗೊತ್ತಿಲ್ಲದ ಪದ ಆಗಿದ್ದರೆ ಬೇಜಾರಾಗುತ್ತಿರಲಿಲ್ಲ. ಗೊತ್ತಿರುವ ಪದವೇ ಹೀಗೆ ಕೈಕೊಟ್ಟರೆ ಏನು ಮಾಡಬೇಕು? ಇನ್ನೊಂದು ಕಷ್ಟ, ಓದಿದ್ದು ವಾರದೊಳಗೆ ಮರೆತುಹೋಗುತ್ತೆ. ಕನ್ನಡ ಮಾಧ್ಯಮದಲ್ಲಿ ಓದಿದ್ದೇ ತಪ್ಪಾಯ್ತಾ ಅಂತ ಅನಿಸಿಬಿಟ್ಟಿದೆ. ದಾರಿ ಗೊತ್ತಿದ್ದವರು ಹೇಳಿ.

ನಿವೃತ್ತ ಮೇಷ್ಟ್ರು | ಸೋಮವಾರ, ರಾತ್ರಿ 10.25

ನೋಡಮ್ಮ, ಮೊದಲು ಆ ಕೊನೆಯ ಮಾತನ್ನು ಮನಸ್ಸಿನಿಂದ ತೆಗೆದುಹಾಕು. 31 ವರ್ಷ ಸರ್ಕಾರಿ ಹೈಸ್ಕೂಲುಗಳಲ್ಲಿ ಇಂಗ್ಲಿಷ್ ಕಲಿಸಿದ್ದೇನೆ. ಕನ್ನಡ ಗಟ್ಟಿಯಾಗಿದ್ದ ಮಕ್ಕಳೇ ಇಂಗ್ಲಿಷನ್ನೂ ಬೇಗ ಹಿಡಿದದ್ದನ್ನು ಕಣ್ಣಾರೆ ಕಂಡಿದ್ದೇನೆ. ತೊಂದರೆ ಇರುವುದು ನಿನ್ನ ನೋಟ್‌ಬುಕ್ಕಿನ ಎರಡು ಕಾಲಂಗಳಲ್ಲಿ.

‘ಸ್ಯಾಂಕ್ಷನ್’ ವಿಷಯ ಹೇಳುತ್ತೇನೆ. ಅದರ ಬೇರು ಲ್ಯಾಟಿನ್. ಅಲ್ಲಿ ‘ಸ್ಯಾಂಕ್ಟಸ್’ ಅಂದರೆ ಪವಿತ್ರ. ‘ಸೇಂಟ್’ ಎನ್ನುವ ಪದ ಬಂದದ್ದೂ ಅಲ್ಲಿಂದಲೇ. ಒಂದು ಕಟ್ಟಳೆಯನ್ನು ಪವಿತ್ರ ಅಂತ ಸಾರಿ, ಇದನ್ನು ಯಾರೂ ಮೀರಬಾರದು ಅಂತ ಗಟ್ಟಿ ಮಾಡುವುದು ಹಳೆಯ ಅರ್ಥ. ಗಟ್ಟಿ ಮಾಡುವುದಕ್ಕೆ ಎರಡು ದಾರಿ ಇವೆ, ಅಲ್ವಾ? ಸರಿಯಾದದ್ದಕ್ಕೆ ಒಪ್ಪಿಗೆಯ ಮುದ್ರೆ ಒತ್ತುವುದು ಒಂದು. ಮೀರಿದವನಿಗೆ ದಂಡ ಹಾಕುವುದು ಇನ್ನೊಂದು. ನಿಮ್ಮ ಸಾಲದ ಸ್ಯಾಂಕ್ಷನ್ ಮೊದಲನೆಯದು, ರಷ್ಯಾದ ಮೇಲಿನದು ಎರಡನೆಯದು. ಗುರುತಿಸುವುದು ಸುಲಭ. ಹಿಂದೆ ‘ಇಂಪೋಸ್’ ಇದ್ದು ಮುಂದೆ ‘ಆನ್’ ಅಥವಾ ‘ಅಗೇನ್ಸ್ಟ್’ ಬಂದರೆ ಅದು ದಂಡವೇ. ಆಗ ಸಾಮಾನ್ಯವಾಗಿ ಬಹುವಚನದಲ್ಲೂ ಇರುತ್ತೆ.

ಇದೇನು ಇಂಗ್ಲಿಷಿನ ವಿಚಿತ್ರ ಅಂದುಕೊಳ್ಳಬೇಡ. ನಮ್ಮ ‘ಕಟ್ಟು’ ತೆಗೆದುಕೋ. ದನ ಕಟ್ಟುತ್ತೇವೆ, ಮನೆ ಕಟ್ಟುತ್ತೇವೆ, ಫೀಸು ಕಟ್ಟುತ್ತೇವೆ, ಕಥೆ ಕಟ್ಟುತ್ತೇವೆ. ಮೂಗು ಕಟ್ಟುತ್ತೆ, ಮೋಡ ಕಟ್ಟುತ್ತೆ. ಯಾರೋ ವಿದೇಶಿ ‘ಕಟ್ಟು ಅಂದರೆ ಹಗ್ಗದಿಂದ ಬಿಗಿಯುವುದು’ ಅಂತ ಒಂದೇ ಅರ್ಥ ಬರೆದುಕೊಂಡರೆ ಅವನ ಗತಿ ಏನು? ನಿನಗೆ ಭಾನುವಾರ ಆದದ್ದು ಅದೇ. ಕಿಟ್ಟೆಲ್ ಅವರ ಕನ್ನಡ-ಇಂಗ್ಲಿಷ್ ನಿಘಂಟು 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಅಚ್ಚುಕೂಟದಿಂದ ಬಂತು. ಅದನ್ನು ತೆರೆದು ನೋಡು. ಪದಕ್ಕೆ ಬರೀ ಅರ್ಥ ಕೊಟ್ಟು ಅವರು ಮುಂದೆ ಹೋಗಲಿಲ್ಲ. ಆ ಪದ ಬರುವ ಪ್ರಯೋಗ, ಗಾದೆ ಎಲ್ಲ ಹುಡುಕಿ ಸೇರಿಸಿದರು. ಜರ್ಮನಿಯಿಂದ ಬಂದವರು ನಮ್ಮ ಭಾಷೆ ಕಲಿತದ್ದು ಹಾಗೆ.

ತಿರುಗಿಸಿ ನೋಡಿದರೂ ಅಷ್ಟೆ. ನಮ್ಮ ‘ಕೇಳು’ ಒಂದೇ. ಪ್ರಶ್ನೆ ಕೇಳಿದರೆ ‘ಆಸ್ಕ್’, ಸದ್ದು ಕೇಳಿದರೆ ‘ಹಿಯರ್’, ಹಾಡು ಕೇಳಿದರೆ ‘ಲಿಸನ್’. ನಮ್ಮ ‘ಜೋರು’ ಒಂದೇ. ಜೋರು ಮಳೆ ‘ಹೆವಿ’, ಜೋರು ಗಾಳಿ ‘ಸ್ಟ್ರಾಂಗ್’, ಜೋರು ದನಿ ‘ಲೌಡ್’. ಸಾಲ ಕೊಡುವುದಕ್ಕೂ ತೆಗೆದುಕೊಳ್ಳುವುದಕ್ಕೂ ನಮಗೆ ‘ಸಾಲ’ ಸಾಕು. ಅಲ್ಲಿ ಕೊಟ್ಟರೆ ‘ಲೆಂಡ್’, ತೆಗೆದುಕೊಂಡರೆ ‘ಬಾರೋ’. ನನ್ನ ಮಕ್ಕಳು ವರ್ಷವರ್ಷವೂ ಜಾಸ್ತಿ ಎಡವುತ್ತಿದ್ದದ್ದು ಈ ಜಾಗಗಳಲ್ಲೇ, ದೊಡ್ಡ ದೊಡ್ಡ ಪದಗಳಲ್ಲಿ ಅಲ್ಲ.

ಇವತ್ತಿನಿಂದ 30 ಬಿಡು. ದಿನಕ್ಕೆ ಐದು ಪದ ಸಾಕು. ಒಂದೊಂದಕ್ಕೂ ಅದರ ಜೊತೆಗಾರ ಪದ ಸೇರಿಸಿ ಒಂದು ವಾಕ್ಯ ಬರೆ. ವಾಕ್ಯ ನಿನ್ನ ಕೌಂಟರಿನದೇ ಆಗಿರಲಿ.

ಪದಪ್ರೇಮಿ | ಮಂಗಳವಾರ, ಬೆಳಗ್ಗೆ 7.10

ಮೇಷ್ಟ್ರು ಬೇರಿನ ಮಾತು ತೆಗೆದದ್ದು ಖುಷಿಯಾಯ್ತು. ನಾನು ಕಲಿತದ್ದೇ ಹಾಗೆ. ಒಂದು ಬೇರು ಸಿಕ್ಕರೆ ಹತ್ತು ಪದ ಬಿಟ್ಟಿ. ‘ಪೋರ್ಟ್’ ಅಂದರೆ ಹೊರು, ಸಾಗಿಸು. ಟ್ರಾನ್ಸ್‌ಪೋರ್ಟ್ ಆ ಕಡೆಗೆ ಸಾಗಿಸುವುದು, ಎಕ್ಸ್‌ಪೋರ್ಟ್ ಹೊರಗೆ, ಇಂಪೋರ್ಟ್ ಒಳಗೆ, ಸಪೋರ್ಟ್ ಕೆಳಗಿನಿಂದ ಹೊರುವುದು, ರಿಪೋರ್ಟ್ ಹೊತ್ತು ತಂದು ಒಪ್ಪಿಸುವುದು. ರೈಲ್ವೆ ಸ್ಟೇಷನ್ನಿನ ಪೋರ್ಟರ್ ಕೂಡ ಅದೇ ಮನೆಯವನು. ಏರ್‌ಪೋರ್ಟ್, ಪಾಸ್‌ಪೋರ್ಟ್ ಕೂಡ ಸೇರಿಸಿಕೊಳ್ಳಿ.

ನಿವೃತ್ತ ಮೇಷ್ಟ್ರು | ಮಂಗಳವಾರ, ಬೆಳಗ್ಗೆ 8.05

ಕೊನೆಯ ಎರಡನ್ನು ಬಿಟ್ಟು ಉಳಿದದ್ದೆಲ್ಲ ಸರಿ. ಏರ್‌ಪೋರ್ಟ್, ಪಾಸ್‌ಪೋರ್ಟ್‌ನಲ್ಲಿ ಇರುವ ‘ಪೋರ್ಟ್’ ಬಂದರು. ಲ್ಯಾಟಿನ್ನಿನಲ್ಲೇ ಅದು ಬೇರೆ ಪದ. ಬೇರು ಹಿಡಿದು ಹೋಗುವಾಗ ಇಷ್ಟು ಎಚ್ಚರ ಬೇಕು. ‘ಔಟ್‌ರೇಜ್’ ಅನ್ನು ಔಟ್ ಸೇರಿಸು ರೇಜ್ ಅಂತ ಒಡೆಯುವವರನ್ನು ನೋಡಿದ್ದೇನೆ. ಅದು ಫ್ರೆಂಚಿನಿಂದ ಬಂದ ಪದ. ಮಿತಿ ಮೀರುವುದು ಅದರ ಮೂಲ ಅರ್ಥ, ಅದರಲ್ಲಿ ‘ರೇಜ್’ ಇಲ್ಲವೇ ಇಲ್ಲ. ಅನುಮಾನ ಬಂದಾಗ ನಿಘಂಟು ತೆಗೆಯಿರಿ.

ಪದಪ್ರೇಮಿ | ಮಂಗಳವಾರ, ಬೆಳಗ್ಗೆ 8.20

ಧನ್ಯವಾದ ಸರ್, ಇಷ್ಟು ವರ್ಷ ತಪ್ಪಾಗಿ ಹೇಳಿಕೊಂಡು ಬಂದಿದ್ದೆ. ತಿದ್ದಿಕೊಂಡೆ.

ತುಂಗಾತೀರ ಅವರು ಬ್ಯಾಂಕಿಗೆ ಓದುತ್ತಿರುವುದರಿಂದ ಇನ್ನೆರಡು ಪದ ಕೊಡುತ್ತೇನೆ. ಇವನ್ನು ನಿಘಂಟಿನಲ್ಲಿ ನೋಡಿಯೇ ಹೇಳುತ್ತಿದ್ದೇನೆ. ಸಾಲ ಅನ್ನುವ ‘ಡೆಟ್’ ಪದದ ಸ್ಪೆಲ್ಲಿಂಗಿನಲ್ಲಿ ಸದ್ದಿಲ್ಲದ ಒಂದು ‘ಬಿ’ ಇದೆ. ಫ್ರೆಂಚಿನಿಂದ ಬಂದಾಗ ಆ ‘ಬಿ’ ಇರಲಿಲ್ಲ. ಲ್ಯಾಟಿನ್ನಿನ ‘ಡೆಬಿಟಮ್’ ನೆನಪಿರಲಿ ಅಂತ ಓದಿದವರು ಆಮೇಲೆ ಸೇರಿಸಿದರು. ನಿಮ್ಮ ಪರ್ಸಿನಲ್ಲಿರುವ ಡೆಬಿಟ್ ಕಾರ್ಡ್ ಅದೇ ಪದ. ಕಾರ್ಡ್ ನೆನಪಿದ್ದರೆ ‘ಬಿ’ ಮರೆಯುವುದಿಲ್ಲ. ‘ಕ್ರೆಡಿಟ್’ ಬಂದದ್ದು ‘ನಂಬು’ ಅನ್ನುವ ಕ್ರಿಯಾಪದದಿಂದ. ನಂಬಿ ಕೊಟ್ಟದ್ದು ಕ್ರೆಡಿಟ್. ನಂಬಬಹುದಾದದ್ದು ಕ್ರೆಡಿಬಲ್. ನಂಬಲಾಗದ್ದು ಇನ್‌ಕ್ರೆಡಿಬಲ್.

ನಿವೃತ್ತ ಮೇಷ್ಟ್ರು | ಮಂಗಳವಾರ, ಬೆಳಗ್ಗೆ 8.32

ಆ ಲ್ಯಾಟಿನ್ ‘ಕ್ರೆಡೋ’ ಮತ್ತು ಸಂಸ್ಕೃತದ ‘ಶ್ರದ್ಧಾ’ ಒಂದೇ ಬೇರಿನವು. ಶ್ರದ್ಧೆ ಇಟ್ಟು ಕೊಟ್ಟದ್ದು ಕ್ರೆಡಿಟ್ ಅಂತ ಬರೆದುಕೊಳ್ಳಮ್ಮ.

ಸಿಸ್ಟರ್ ಕಲಬುರಗಿ | ಮಂಗಳವಾರ, ಮಧ್ಯಾಹ್ನ 2.15

ನೈಟ್ ಡ್ಯೂಟಿ ಮುಗಿಸಿ, ಮಲಗಿ ಎದ್ದು ಓದುತ್ತಿದ್ದೇನೆ. ನನ್ನ ಕಥೆಯೂ ಹೇಳಬೇಕು.

ನಾನು ನರ್ಸಿಂಗ್ ಸೇರಿದಾಗ ಮೊದಲ ವರ್ಷ ದಿನಾ ಅಳುತ್ತಿದ್ದೆ. ಎಲ್ಲವೂ ಇಂಗ್ಲಿಷ್. ಅದರಲ್ಲೂ ‘ಹೈಪರ್’ ಮತ್ತು ‘ಹೈಪೋ’ ನನ್ನನ್ನು ತುಂಬಾ ಕಾಡಿದವು. ಹೈಪರ್‌ಗ್ಲೈಸೀಮಿಯಾ ಅಂದರೆ ರಕ್ತದಲ್ಲಿ ಸಕ್ಕರೆ ಜಾಸ್ತಿ. ಹೈಪೋಗ್ಲೈಸೀಮಿಯಾ ಅಂದರೆ ಕಡಿಮೆ. ಬಾಯಲ್ಲಿ ಹೇಳುವಾಗ ಎರಡೂ ಹತ್ತಿರ ಹತ್ತಿರ. ಒಂದಕ್ಕೆ ಇನ್ಸುಲಿನ್, ಇನ್ನೊಂದಕ್ಕೆ ಗ್ಲೂಕೋಸ್. ತಿರುಗಾಮುರುಗಾ ಆದರೆ ರೋಗಿಯ ಜೀವಕ್ಕೇ ಅಪಾಯ.

ಒಬ್ಬರು ಹಿರಿಯ ಸಿಸ್ಟರ್ ಒಂದು ರಾತ್ರಿ ಡ್ಯೂಟಿ ರೂಮಿನಲ್ಲಿ ಕೂರಿಸಿಕೊಂಡು ಹೇಳಿಕೊಟ್ಟರು. ‘ಉಪರಿ ಗೊತ್ತಾ? ಮೇಲೆ. ಉಪ್ಪರಿಗೆ ಅನ್ನುತ್ತೀವಲ್ಲ, ಅದರೊಳಗಿರುವ ಉಪರಿ. ಅದೇ ಹೈಪರ್. ಉಪ ಗೊತ್ತಾ? ಉಪಾಧ್ಯಕ್ಷ ಅಂದರೆ ಅಧ್ಯಕ್ಷನ ಕೆಳಗಿನವನು. ಅದೇ ಹೈಪೋ.’ ಮುಗಿಯಿತು. ಹನ್ನೊಂದು ವರ್ಷ ಆಯ್ತು, ಒಂದು ಸಲವೂ ತಪ್ಪಿಲ್ಲ. ಇವತ್ತಿಗೂ ‘ಹೈಪೋ’ ಕೇಳಿದ ಕೂಡಲೇ ನನ್ನ ಮನಸ್ಸಿನಲ್ಲಿ ಒಬ್ಬ ಉಪಾಧ್ಯಕ್ಷ ಕೆಳಗಿನ ಕುರ್ಚಿಯಲ್ಲಿ ಕೂತಿರುತ್ತಾನೆ.

ಆಮೇಲೆ ಒಂದೊಂದೇ ಬಿಡಿಸಿಕೊಂಡೆ. ಕೊನೆಯಲ್ಲಿ ‘ಐಟಿಸ್’ ಬಂದರೆ ಉರಿಯೂತ. ಗ್ಯಾಸ್ಟ್ರೈಟಿಸ್ ಹೊಟ್ಟೆಯದು, ಆರ್ಥ್ರೈಟಿಸ್ ಕೀಲಿನದು. ಮುಂದೆ ‘ಪೆರಿ’ ಬಂದರೆ ಸುತ್ತ, ನಮ್ಮ ‘ಪರಿಧಿ’ಯ ‘ಪರಿ’. ಪೆರಿಕಾರ್ಡಿಯಂ ಅಂದರೆ ಹೃದಯದ ಸುತ್ತಲಿನ ಚೀಲ. ಅದರಲ್ಲಿರುವ ‘ಕಾರ್ಡಿ’ಯೂ ನಮ್ಮ ‘ಹೃದಯ’ವೂ ದೂರದ ನೆಂಟರೇ ಅಂತೆ.

ಬಯಲುಸೀಮೆ | ಮಂಗಳವಾರ, ಸಂಜೆ 6.00

ಒಂದು ಪ್ರಶ್ನೆ. ಹಾಗಾದರೆ ಕನ್ನಡಕ್ಕೂ ಇಂಗ್ಲಿಷಿಗೂ ನೆಂಟಸ್ತಿಕೆ ಇದೆ ಅಂತಾಯ್ತಾ? ಕನ್ನಡ ದ್ರಾವಿಡ ಭಾಷೆ ಅಂತ ಓದಿದ್ದೆ.

ನಿವೃತ್ತ ಮೇಷ್ಟ್ರು | ಮಂಗಳವಾರ, ಸಂಜೆ 7.15

ಒಳ್ಳೆಯ ಪ್ರಶ್ನೆ. ಕನ್ನಡ ದ್ರಾವಿಡವೇ. ದಕ್ಷಿಣದ ಭಾಷೆಗಳು ಸಂಸ್ಕೃತದಿಂದ ಹುಟ್ಟಿದ್ದಲ್ಲ, ಇವು ಬೇರೆ ಕುಟುಂಬ ಅಂತ ಮದರಾಸಿನಲ್ಲಿದ್ದ ಬ್ರಿಟಿಷ್ ಅಧಿಕಾರಿ ಎಲ್ಲಿಸ್ 1816ರಲ್ಲೇ ತೋರಿಸಿದ. ಸಂಸ್ಕೃತ, ಗ್ರೀಕ್, ಲ್ಯಾಟಿನ್ ಒಂದೇ ಮೂಲದವು ಅಂತ ವಿಲಿಯಂ ಜೋನ್ಸ್ 1786ರಲ್ಲಿ ಕಲ್ಕತ್ತೆಯಲ್ಲಿ ಹೇಳಿದ್ದ. ಎರಡನ್ನೂ ಸೇರಿಸಿ ನೋಡಿ. ನಮ್ಮ ಹಲ್ಲು, ಹೆಸರು, ಬೆಂಕಿ, ಎಂಟು ಇವಕ್ಕೆ ಇಂಗ್ಲಿಷಿನ ನೆಂಟಸ್ತಿಕೆ ಇಲ್ಲ. ಆದರೆ ಸಂಸ್ಕೃತದಿಂದ ತಂದುಕೊಂಡು ನಮ್ಮದು ಮಾಡಿಕೊಂಡ ದಂತ, ನಾಮ, ಅಗ್ನಿ, ಅಷ್ಟ ಇವೆಯಲ್ಲ, ಅವುಗಳ ಸೋದರರು ಅಲ್ಲಿದ್ದಾರೆ. ದಂತ ಗೊತ್ತಿದ್ದವನಿಗೆ ಡೆಂಟಿಸ್ಟ್ ಹೊಸಬನಲ್ಲ. ಅಗ್ನಿ ಗೊತ್ತಿದ್ದರೆ ಇಗ್ನೈಟ್, ಅಷ್ಟ ಗೊತ್ತಿದ್ದರೆ ಆಕ್ಟೋಪಸ್‌ನ ಎಂಟು ಕೈ, ನೌಕೆ ಗೊತ್ತಿದ್ದರೆ ನೇವಿ, ದಾನ ಗೊತ್ತಿದ್ದರೆ ಡೊನೇಟ್.

ಇಂಗ್ಲಿಷಿನದ್ದೂ ನಮ್ಮ ಹಾಗೆಯೇ ಬೆರಕೆ ಸಂಸಾರ. 1066ರಲ್ಲಿ ನಾರ್ಮಂಡಿಯವರು ಇಂಗ್ಲೆಂಡನ್ನು ಗೆದ್ದ ಮೇಲೆ ಅರಮನೆ, ಕೋರ್ಟು, ಕಚೇರಿಗಳಿಗೆಲ್ಲ ಫ್ರೆಂಚ್ ಬಂತು. ಹೊಲದಲ್ಲಿ ಮೇಯುವಾಗ ಇಂಗ್ಲಿಷಿನ ‘ಶೀಪ್’, ತಟ್ಟೆಗೆ ಬಂದಾಗ ಫ್ರೆಂಚಿನ ‘ಮಟನ್’. ಮೇಲಿಂದ ಪಂಡಿತರು ಲ್ಯಾಟಿನ್ ತಂದರು. ಹಾಗಾಗಿ ‘ಆಸ್ಕ್’ ಮನೆಮಾತು, ‘ಕ್ವೆಶ್ಚನ್’ ಅದಕ್ಕಿಂತ ಬಿಗಿ, ‘ಇಂಟರಾಗೇಟ್’ ಪೊಲೀಸ್ ಸ್ಟೇಷನ್ನಿನದು. ನಮ್ಮಲ್ಲಿ ಕೇಳು, ಪ್ರಶ್ನಿಸು, ವಿಚಾರಣೆ ನಡೆಸು ಇದ್ದ ಹಾಗೆ. ನೀರು ಕುಡಿಯುತ್ತೇವೆ, ಇಲಾಖೆಗೆ ಜಲಸಂಪನ್ಮೂಲ ಅನ್ನುತ್ತೇವೆ. ‘ಜಲ ಕುಡಿದೆ’ ಅಂದರೆ ಕಿವಿಗೆ ಚುಚ್ಚುತ್ತೆ, ಅಲ್ವಾ? ಸಮಾನಾರ್ಥಕ ಪದಗಳ ಪಟ್ಟಿ ಓದುವಾಗ ಆ ಕಿವಿಯನ್ನೇ ಇಂಗ್ಲಿಷಿಗೂ ಇಡಬೇಕು. ಅರ್ಥ ಒಂದೇ ಆದರೂ ಕೂರುವ ಜಾಗ ಬೇರೆ.

ಹೈವೇ ಹುಡುಗ | ಮಂಗಳವಾರ, ರಾತ್ರಿ 10.50

ನಮ್ಮಪ್ಪ ಪೆಟ್ರೋಲ್ ಟ್ಯಾಂಕರ್ ಓಡಿಸುತ್ತಿದ್ದರು. ಲಾರಿಯ ಹಿಂದೆ ದೊಡ್ಡ ಅಕ್ಷರದಲ್ಲಿ ‘ಹೈಲಿ ಇನ್‌ಫ್ಲೇಮಬಲ್’ ಅಂತ ಬರೆದಿರುತ್ತಿತ್ತು. ಎಂಟನೇ ಕ್ಲಾಸಿನಲ್ಲಿ ‘ಇನ್’ ಮುಂದೆ ಬಂದರೆ ‘ಇಲ್ಲ, ಅಲ್ಲ’ ಅಂತ ಕಲಿತಿದ್ದೆ. ಇನ್‌ಕರೆಕ್ಟ್, ಇನ್‌ವಿಸಿಬಲ್ ಹಾಗೆ. ಸರಿ, ಅಪ್ಪನ ಲಾರಿಗೆ ಬೆಂಕಿ ಹತ್ತುವುದಿಲ್ಲ ಅಂತ ಲೆಕ್ಕ ಹಾಕಿ ನೆಮ್ಮದಿಯಾಗಿದ್ದೆ. ಅಮ್ಮನಿಗೂ ಹೇಳಿದ್ದೆ, ಹೆದರಬೇಡ, ಲಾರಿ ಮೇಲೇ ಬರೆದಿದ್ದಾರೆ ಅಂತ. ಅಮ್ಮ ನಂಬಿದ್ದರು.

ನಿಜ ಗೊತ್ತಾದದ್ದು ಪಿಯುಸಿಯಲ್ಲಿ. ಅಲ್ಲಿನ ‘ಇನ್’ ಅಂದರೆ ‘ಒಳಗೆ’. ಉರಿಗೆ ಹೋಗುವಂಥದ್ದು, ಬೇಗ ಹೊತ್ತಿಕೊಳ್ಳುವಂಥದ್ದು. ಜನ ನನ್ನ ಹಾಗೇ ತಪ್ಪು ತಿಳಿಯುತ್ತಾರೆ ಅಂತ ಈಗ ಎಷ್ಟೋ ಕಡೆ ಬರೀ ‘ಫ್ಲೇಮಬಲ್’ ಅಂತ ಬರೆಯುತ್ತಾರೆ. ಅವತ್ತು ಮನೆಗೆ ಹೋದವನು ಅಪ್ಪ ಟ್ರಿಪ್ಪಿನಿಂದ ಬರುವವರೆಗೆ ನಿದ್ದೆ ಮಾಡಲಿಲ್ಲ. ಅಮ್ಮನಿಗೆ ಮಾತ್ರ ಇವತ್ತಿಗೂ ಹೇಳಿಲ್ಲ.

ಹಾಗೇ ‘ಇನ್‌ವ್ಯಾಲ್ಯುಬಲ್’ ಅಂದರೆ ಬೆಲೆ ಇಲ್ಲದ್ದು ಅಂತ ಬರೆದು ಒಂದು ಅಂಕ ಕಳೆದುಕೊಂಡಿದ್ದೇನೆ. ಇದು ಯಾಕೆ ಉಲ್ಟಾ ಅಂತ ಯಾರಾದರೂ ಹೇಳಿ.

ಪದಪ್ರೇಮಿ | ಮಂಗಳವಾರ, ರಾತ್ರಿ 11.20

ಉತ್ತರ ನಮ್ಮ ‘ಅಮೂಲ್ಯ’ದಲ್ಲೇ ಇದೆ. ಅ ಸೇರಿಸು ಮೂಲ್ಯ. ಅದನ್ನು ಯಾರಾದರೂ ‘ಬೆಲೆ ಇಲ್ಲದ್ದು’ ಅಂತ ಓದುತ್ತಾರಾ? ಬೆಲೆ ಕಟ್ಟಲಾಗದ್ದು ಅಂತ ತಾನೇ? ‘ಇನ್‌ವ್ಯಾಲ್ಯುಬಲ್’ ಅಕ್ಷರಕ್ಕೆ ಅಕ್ಷರ ಅಮೂಲ್ಯ. ಈ ಜೋಡಿ ನೋಡಿದ ಮೇಲೆ ನಾನು ಹುಡುಕುತ್ತಾ ಹೋದೆ. ಅನಂತ, ‘ಇನ್‌ಫಿನಿಟ್’. ಎರಡಕ್ಕೂ ಕೊನೆ ಇಲ್ಲದ್ದು ಅಂತಲೇ ಅರ್ಥ. ಅಮಿತ, ‘ಇಮ್ಮೆನ್ಸ್’. ಎರಡೂ ಅಳೆಯಲಾಗದ್ದು. ಅನಾಮಿಕ, ‘ಅನಾನಿಮಸ್’. ಎರಡರಲ್ಲೂ ಹೆಸರಿಲ್ಲ. ಕನ್ನಡದಲ್ಲಿ ಪದ ಹೇಗೆ ಕಟ್ಟಿದ್ದಾರೆ ಅಂತ ಒಮ್ಮೆ ಬಿಡಿಸಿ ನೋಡುವ ಅಭ್ಯಾಸ ಆದರೆ ಇವೆಲ್ಲ ಕಣ್ಣಿಗೆ ಬೀಳುತ್ತವೆ.

ಲೀಡ್ಸ್ ಕನ್ನಡತಿ | ಬುಧವಾರ, ಬೆಳಗಿನ ಜಾವ 2.30

ಇಲ್ಲಿ ಇಂಗ್ಲೆಂಡಿನಲ್ಲಿ ಇನ್ನೂ ರಾತ್ರಿ. ನನ್ನದು ಬೇರೆ ತರಹದ ತೊಂದರೆ. ನಮಗೆ ‘ಗೊತ್ತು’ ಅಂದುಕೊಂಡಿರುವ ಇಂಗ್ಲಿಷ್ ಪದಗಳು ಕನ್ನಡಕ್ಕೆ ಬಂದು ಎಷ್ಟೋ ಕಾಲ ಆಗಿದೆ, ನಮ್ಮಲ್ಲಿ ಬೇರೆ ಅರ್ಥ ಮಾಡಿಕೊಂಡು ಆರಾಮಾಗಿವೆ. ಕೆಲಸಕ್ಕೆ ಸೇರಿದ ಮೊದಲ ತಿಂಗಳು ಮೀಟಿಂಗಿನಲ್ಲಿ ಒಬ್ಬರಿಗೆ ‘ನಿಮ್ಮ ರಿಪೋರ್ಟ್ ಬಗ್ಗೆ ನನಗೊಂದು ಡೌಟ್ ಇದೆ’ ಅಂದೆ. ಕೇಳಬೇಕಿದ್ದದ್ದು ಸಣ್ಣ ಪ್ರಶ್ನೆ. ಅವರ ಮುಖ ಕೆಂಪಾಯ್ತು. ರಿಪೋರ್ಟೇ ನಂಬುವಂತಿಲ್ಲ ಅಂತ ನಾನು ಹೇಳಿದ ಹಾಗೆ ಕೇಳಿಸಿತ್ತು. ನಮ್ಮಲ್ಲಿ ಡೌಟ್ ಅಂದರೆ ಪ್ರಶ್ನೆ, ಇಲ್ಲಿ ಅದು ಅನುಮಾನ.

‘ಹೋಟೆಲ್’ನಲ್ಲಿ ಊಟ ಮಾಡೋಣ ಅಂದರೆ ಇಲ್ಲಿನವರಿಗೆ ತಂಗುವ ಜಾಗ ನೆನಪಾಗುತ್ತೆ. ‘ಅವನು ಫೀಲ್ ಆದ’ ಅಂತ ನಾವು ಹೇಳುವುದು ಇಲ್ಲಿ ‘ಹರ್ಟ್’. ತುಂಗಾತೀರ, ದಿನಾ ಬಾಯಲ್ಲಿ ಬರುವ ಇಂಥ ಪದಗಳಿಗೇ ಒಂದು ಪುಟ ಮೀಸಲಿಡಿ. ನಿಮ್ಮ ‘ಸ್ಯಾಂಕ್ಷನ್’ ಕೂಡ ಇದೇ ಗುಂಪಿಗೆ ಸೇರಿದ್ದು.

ಹಾಸನದ ಅಣ್ಣ | ಬುಧವಾರ, ಬೆಳಗ್ಗೆ 6.45

ಮರೆವಿನ ಬಗ್ಗೆ ಯಾರೂ ಹೇಳಲಿಲ್ಲ, ಅದನ್ನು ನಾನು ಹೇಳುತ್ತೇನೆ ತಂಗಿ.

ಮರೆಯುವುದು ನಿನ್ನ ತಪ್ಪಲ್ಲ. ಜರ್ಮನಿಯ ಎಬ್ಬಿಂಗ್‌ಹೌಸ್ ಎಂಬಾತ ಅರ್ಥವಿಲ್ಲದ ಸಾವಿರಾರು ಉಚ್ಚಾರಗಳನ್ನು ತಾನೇ ಬಾಯಿಪಾಠ ಮಾಡಿ, ಎಷ್ಟು ಹೊತ್ತಿಗೆ ಎಷ್ಟು ಮರೆಯುತ್ತೆ ಅಂತ ಲೆಕ್ಕ ಇಟ್ಟು 1885ರಲ್ಲಿ ಪ್ರಕಟಿಸಿದ. ಮೊದಲ ದಿನವೇ ಸುಮಾರು ಹೋಗಿಬಿಡುತ್ತೆ. ನಡುವೆ ಬಿಡುವು ಕೊಟ್ಟು ಮತ್ತೆ ಮತ್ತೆ ನೆನಪಿಸಿಕೊಂಡರೆ ನಿಲ್ಲುತ್ತೆ. ಅದಕ್ಕೆ ಸೆಬಾಸ್ಟಿಯನ್ ಲೈಟ್ನರ್ 1972ರಲ್ಲಿ ಡಬ್ಬಿಯ ಉಪಾಯ ಹೇಳಿದ.

ನಾನು ಮಾಡಿದ್ದು ಹೀಗೆ. ಮನೆಯಲ್ಲಿ ಹಳೇ ಮದುವೆ ಕಾರ್ಡುಗಳ ರಾಶಿ ಇತ್ತು. ಹಿಂಬದಿ ಖಾಲಿ, ಕಾಗದ ಗಟ್ಟಿ. ಇಸ್ಪೀಟ್ ಎಲೆಯಷ್ಟು ಕತ್ತರಿಸಿದೆ. ಸ್ವೀಟ್ ಡಬ್ಬಿಯೊಳಗೆ ರಟ್ಟು ನಿಲ್ಲಿಸಿ ಐದು ಖಾನೆ ಮಾಡಿದೆ. ಹೊಸ ಪದ ಮೊದಲ ಖಾನೆಗೆ, ಅದನ್ನು ದಿನಾ ನೋಡಬೇಕು. ಸರಿಯಾಗಿ ಹೇಳಿದರೆ ಎರಡನೆಯದಕ್ಕೆ, ಅದನ್ನು ಎರಡು ದಿನಕ್ಕೊಮ್ಮೆ. ಹೀಗೆ ಮುಂದೆ ಹೋದ ಹಾಗೆ ನಾಲ್ಕು ದಿನ, ವಾರ, ಹದಿನೈದು ದಿನ. ಎಲ್ಲಿ ತಪ್ಪಿದರೂ ಆ ಎಲೆ ವಾಪಸ್ ಮೊದಲ ಖಾನೆಗೆ. ಫೋನಿನಲ್ಲಿ ‘ಆಂಕಿ’ ಅನ್ನುವ ಆ್ಯಪ್ ಇದೇ ರೀತಿಯ ಕೆಲಸ ಮಾಡುತ್ತೆ. ನನಗೆ ಕೈಬರಹವೇ ಹಿಡಿಸಿತು.

ಒಂದೇ ಮಾತು ನೆನಪಿಡು. ಎಲೆಯ ಮುಂದೆ ಬರೀ ಪದ ಬರೆಯಬೇಡ. ವಾಕ್ಯ ಬರೆದು, ಆ ಪದದ ಜಾಗ ಖಾಲಿ ಬಿಡು. ‘ನಿನ್ನೆ ಡ್ಯಾಷ್ ಮಳೆ ಬಂತು’ ಅಂತ ಇಂಗ್ಲಿಷಿನಲ್ಲಿ. ‘ಹೆವಿ’ ತಾನಾಗಿ ಬಾಯಿಗೆ ಬರಬೇಕು. ಅರ್ಧ ನಿಮಿಷ ತಡಕಾಡಿದರೂ ಪರವಾಗಿಲ್ಲ, ಆ ತಡಕಾಟದಲ್ಲೇ ಅದು ಗಟ್ಟಿಯಾಗುವುದು.

ಬಯಲುಸೀಮೆ | ಬುಧವಾರ, ಬೆಳಗ್ಗೆ 9.00

ಒಟ್ಟು ಎಷ್ಟು ಪದ ಬೇಕು ಸರ್? ಯಾವ ನಿಘಂಟು ಕೊಳ್ಳಬೇಕು?

ನಿವೃತ್ತ ಮೇಷ್ಟ್ರು | ಬುಧವಾರ, ಬೆಳಗ್ಗೆ 10.10

ಮೊದಲ ಎರಡು ಸಾವಿರ ಗಟ್ಟಿ ಮಾಡಿಕೊಳ್ಳಿ. ಢಾಕಾದಲ್ಲಿ ಶಿಕ್ಷಕರ ತರಬೇತಿ ಕಾಲೇಜಿನಲ್ಲಿದ್ದ ಮೈಕೇಲ್ ವೆಸ್ಟ್ ಬಂಗಾಳದ ಮಕ್ಕಳು ಇಂಗ್ಲಿಷ್ ಓದಲು ಪಡುವ ಪಾಡು ನೋಡಿ ಈ ಕೆಲಸಕ್ಕೆ ಇಳಿದವರು. ಅವರ 1953ರ ಪಟ್ಟಿಯಲ್ಲಿ ಇರುವುದು ಸುಮಾರು 2,000 ಮೂಲ ಪದ. ಸಾಮಾನ್ಯ ಬರಹದಲ್ಲಿ ನೂರಕ್ಕೆ ಎಂಬತ್ತರಷ್ಟು ಜಾಗ ತುಂಬುವುದು ಅವೇ. 1978ರಲ್ಲಿ ಬಂದ ಲಾಂಗ್‌ಮನ್ ಕಲಿಕೆಯ ನಿಘಂಟು ಎಲ್ಲ ಪದಗಳ ಅರ್ಥವನ್ನೂ ಅಷ್ಟೇ ಸುಮಾರು 2,000 ಪದಗಳೊಳಗೆ ವಿವರಿಸಿತು. ಕಲಿಯುವವರಿಗೆ ಅಂತಲೇ ಮಾಡಿದ ಇಂಥ ಒಂದು ನಿಘಂಟು ಇರಲಿ. ಪ್ರತಿ ಅರ್ಥಕ್ಕೂ ವಾಕ್ಯ ಕೊಟ್ಟಿರುತ್ತಾರೆ. ಕನ್ನಡ ಅರ್ಥಕ್ಕೆ ಮೈಸೂರು ವಿಶ್ವವಿದ್ಯಾನಿಲಯದ ಇಂಗ್ಲಿಷ್-ಕನ್ನಡ ನಿಘಂಟು. ಮನಸ್ಸಿಗೆ ಕನ್ನಡ ಪದ ಬಂದು ಇಂಗ್ಲಿಷ್ ತೋಚದೆ ಇದ್ದಾಗ ವಿ. ಕೃಷ್ಣ ಅವರ ‘ಅಲರ್’ ಇದೆ. ಒಂದೂವರೆ ಲಕ್ಷಕ್ಕೂ ಹೆಚ್ಚು ಕನ್ನಡ ಪದ, ಅಂತರಜಾಲದಲ್ಲಿ ಉಚಿತ. ಒಬ್ಬರೇ ಮನುಷ್ಯ ದಶಕಗಳ ಕಾಲ ಕೂತು ಮಾಡಿದ ಕೆಲಸ ಅದು. ತೆರೆದಾಗಲೆಲ್ಲ ನನಗೆ ಕೈ ಮುಗಿಯಬೇಕು ಅನಿಸುತ್ತೆ.

ತುಂಗಾತೀರ | ಹತ್ತು ದಿನದ ನಂತರ, ರಾತ್ರಿ 9.15

ಎಲ್ಲರೂ ಹೇಳಿದ್ದನ್ನು ಮಾಡುತ್ತಿದ್ದೇನೆ. ಡಬ್ಬಿಯಲ್ಲಿ ಈಗ 48 ಎಲೆ ಇವೆ. ಹಾಸನದ ಅಣ್ಣ, ನಮ್ಮನೆಯಲ್ಲೂ ಮದುವೆ ಕಾರ್ಡಿಗೆ ಬರ ಇರಲಿಲ್ಲ.

ಇವತ್ತು ಕೌಂಟರಿನಲ್ಲಿ ನಡೆದದ್ದು ಹೇಳಬೇಕು. ಒಬ್ಬರು ವಯಸ್ಸಾದ ರೈತರು ಬಂದರು. ಮಗ ಫೋನಿನಲ್ಲಿ ಸುದ್ದಿ ತೋರಿಸಿದ್ದನಂತೆ, ಬ್ಯಾಂಕುಗಳು ಸಾಲ ‘ರೈಟ್ ಆಫ್’ ಮಾಡಿವೆ ಅಂತ. ‘ನಂದೂ ಮನ್ನಾ ಆಯ್ತೇನವ್ವಾ’ ಅಂತ ಕೇಳಿದರು. ಪಾಸ್‌ಬುಕ್ಕನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಎದೆಗೆ ಒತ್ತಿಕೊಂಡಿದ್ದರು. ಹದಿನೈದು ದಿನದ ಹಿಂದೆ ಆಗಿದ್ದರೆ ನಾನೂ ಹೌದು ಅಂದುಬಿಡುತ್ತಿದ್ದೆ. ನನ್ನ ಹಳೇ ನೋಟ್‌ಬುಕ್ಕಿನಲ್ಲಿ ‘ವೇವರ್’ ಎದುರಿಗೂ ‘ರೈಟ್ ಆಫ್’ ಎದುರಿಗೂ ‘ಮನ್ನಾ’ ಅಂತಲೇ ಇತ್ತು.

ಈ ಸಲ ಎರಡನ್ನೂ ಬೇರೆ ಬೇರೆ ಎಲೆ ಮಾಡಿದ್ದೆ. ‘ವೇವ್’ ಮಾಡಿದರೆ ಕೊಟ್ಟವನು ತನ್ನ ಹಕ್ಕು ಬಿಟ್ಟ, ಸಾಲ ತೀರಿತು. ‘ರೈಟ್ ಆಫ್’ ಅಂದರೆ ಬ್ಯಾಂಕು ತನ್ನ ಲೆಕ್ಕದಲ್ಲಿ ಆಸ್ತಿ ಅಂತ ತೋರಿಸುವುದನ್ನು ನಿಲ್ಲಿಸಿತು, ವಸೂಲಿ ಹಾಗೇ ನಡೆಯುತ್ತೆ. ಅವರನ್ನು ಕೂರಿಸಿ ಅಷ್ಟನ್ನೂ ಕನ್ನಡದಲ್ಲಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದರು. ಆಮೇಲೆ ‘ಹಂಗಾದ್ರೆ ಈ ತಿಂಗಳ ಕಂತು ಕಟ್ಟಿಸ್ಕಳವ್ವ’ ಅಂದರು. ಹೋಗುವಾಗ ತಿರುಗಿ ಇನ್ನೊಂದು ಕೇಳಿದರು. ‘ಆ ರೈಟಾಪಿಗೆ ನಮ್ ಮಾತಲ್ಲಿ ಏನಂತಾರೆ? ಊರಲ್ಲಿ ಕೇಳೋರಿಗೆ ಹೇಳ್ಬೇಕಲ್ಲ.’

ನನಗೆ ಒಂದೇ ಪದದಲ್ಲಿ ಹೇಳಲು ಬರಲಿಲ್ಲ. ಮೇಷ್ಟ್ರೇ, ಏನು ಹೇಳಲಿ?

ನಿವೃತ್ತ ಮೇಷ್ಟ್ರು | ರಾತ್ರಿ 9.50

ಒಂದೇ ಪದ ಬೇಡಮ್ಮ. ‘ಬ್ಯಾಂಕಿನ ಪುಸ್ತಕದಿಂದ ತೆಗೆದಿದ್ದಾರೆ, ನಿಮ್ಮ ತಲೆ ಮೇಲಿಂದ ತೆಗೆದಿಲ್ಲ’ ಅನ್ನು. ಅವರು ಮುಂದಿನ ಕಂತಿಗೆ ಬಂದಾಗ ಅವರೇ ಏನು ಅನ್ನುತ್ತಾರೆ ಅಂತ ಕೇಳಿ, ಇಲ್ಲಿ ಬರೆ.